ಸಾಕ್ಷಿಕಟ್ಟೆಯಲ್ಲಿ ನನ್ನ ಅತ್ತೆ

ನನ್ನ ಅತ್ತೆಯ ಬಲಗೈ ತೋರುಬೆರಳು ತುದಿಯಲ್ಲಿ ಕಪ್ಪಾಗಿತ್ತು. ತಂಬಾಕನ್ನು ಹಂಚಿನ ಮೇಲೆ ಕರಕಾಗುವ ತನಕ ಹುರಿದು, ಕುಟ್ಟಿ ಪುಡಿ ಮಾಡಿದ ಮಿಸರಿಯಿಂದ ಹಲ್ಲು ತಿಕ್ಕಿ ತಿಕ್ಕಿ ಆ ಬಣ್ಣ ಚರ್ಮದೊಳಗೇ ಇಳಿದುಬಿಟ್ಟಿತ್ತು. ಯಾವ ಸಾಬೂನಿಗೂ ಹೋಗುತ್ತಿರಲಿಲ್ಲ. ನಿಪ್ಪಾಣಿ ಕಡೆಯ ಎಷ್ಟೋ ಹೆಂಗಸರಿಗೆ ಈ ಚಟವಿತ್ತು. ಉಳಿದವರು ಹಿತ್ತಲ ಕಟ್ಟೆಯ ಮೇಲೆ ಕುಳಿತು, ನೆರೆಯವರ ಸುದ್ದಿ ಆಡುತ್ತ ನಿಧಾನವಾಗಿ ತಿಕ್ಕುತ್ತಿದ್ದರೆ, ಅತ್ತೆ ಬೆರಳನ್ನು ಬಾಯಲ್ಲಿಟ್ಟುಕೊಂಡೇ ಅಂಗಳದಿಂದ ವಖಾರಿಗೆ, ವಖಾರಿಯಿಂದ ಅಡುಗೆಮನೆಗೆ ಸುತ್ತುತ್ತಿದ್ದರು. ವಖಾರಿ ನಮ್ಮ ಮನೆಗೇ ಅಂಟಿಕೊಂಡಿದ್ದ, ತಂಬಾಕಿನ ಚೀಲಗಳನ್ನು ಸೂರಿನ ತನಕ ಒಟ್ಟಿಡುವ ದೊಡ್ಡ ಗೋದಾಮು. ಊಟವನ್ನೂ ಅವರು ಒಂದು ಕಡೆ ಕೂತು ಮುಗಿಸಿದ್ದನ್ನು ನಾನು ಕಂಡದ್ದು ಕಡಿಮೆ. ರೊಟ್ಟಿಯ ಮೇಲೆ ಪಲ್ಯ ಹಾಕಿಕೊಂಡು, ಅಂಗೈಯಲ್ಲೇ ಹಿಡಿದು, ಬಾಗಿಲ ಚೌಕಟ್ಟಿಗೆ ಒರಗಿ ತಿನ್ನುತ್ತಿದ್ದರು. ಯಾಕೆಂದು ಕೇಳಿದರೆ, "ಕುಂತರ ಮನಸ್ಸಿಗೆ ಹುಳಾ ಹತ್ತತಾವ," ಎನ್ನುತ್ತಿದ್ದರು.

ಎಂಬತ್ತರ ದಶಕದ ಮೊದಲಲ್ಲಿ ನಾನು ರಾಯಬಾಗದಿಂದ ಆ ಮನೆಗೆ ಸೊಸೆಯಾಗಿ ಬಂದೆ. ನನ್ನ ತಂದೆಗೆ ಕಬ್ಬಿನ ಹೊಲವಿತ್ತು. ನನಗೆ ಶಿಕ್ಷಕಿಯ ತರಬೇತಿ ಕೊಡಿಸಿ, ಬಾವಿಯ ಪಕ್ಕದ ಎರಡು ಎಕರೆಯನ್ನು ಮದುವೆಗೆ ಮುಂಚೆಯೇ ನನ್ನ ಹೆಸರಿಗೆ ಮಾಡಿಸಿದ್ದರು. ಹೊಸತರಲ್ಲಿ ತಂಬಾಕಿನ ಘಾಟಿಗೆ ನಾನು ದಿನವಿಡೀ ಸೀನುತ್ತಿದ್ದೆ. ಅತ್ತೆಗೆ ಅದನ್ನು ನೋಡಿ ನಗು.

"ಸೀನು, ಸೀನು. ಈ ಮನಿ ಅನ್ನ ಉಣ್ಣಾಕಿ ಮೊದಲ ಸೀನಬೇಕು."

ಮಾವ ತೀರಿಕೊಂಡಾಗ ಅತ್ತೆಗೆ ಇನ್ನೂ ಮೂವತ್ತು ತುಂಬಿರಲಿಲ್ಲವಂತೆ. ಒಬ್ಬನೇ ಮಗ, ಶಾಲೆಗೆ ಹೋಗುವ ವಯಸ್ಸು. ವಖಾರಿ ಮಾರಿ ಶೇಡಬಾಳದ ತವರಿಗೆ ಬಂದುಬಿಡು ಎಂದು ಅಣ್ಣಂದಿರು ಹೇಳಿದರು. ಅತ್ತೆ ಹೋಗಲಿಲ್ಲ. ತಲೆತುಂಬ ಸೆರಗು ಹೊದ್ದು ಅಕ್ಕೋಳದ ಬಸ್ಸು ಹತ್ತಿ, ಹೊಲದ ಬದುವಿನಲ್ಲಿ ನಿಂತು ಎಲೆ ನೋಡತೊಡಗಿದರು. ಹೆಂಗಸು ಬಂದು ತಂಬಾಕಿನ ದರ ಮಾಡುತ್ತಾಳೆಂದು ರೈತರು ಮೊದಲು ನಕ್ಕರು. ಎರಡು ಸುಗ್ಗಿ ಕಳೆಯುವುದರೊಳಗೆ ಅವರನ್ನೇ ಕಾಕೂ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತ, "ಕಾಕೂ ಬರೂ ತನಕಾ ಚೀಲ ಕಟ್ಟಬ್ಯಾಡ್ರಿ" ಎನ್ನುವಂತಾಯಿತು.

ನಾನೊಮ್ಮೆ ಅವರ ಜೊತೆ ಅಕ್ಕೋಳಕ್ಕೆ ಹೋಗಿದ್ದೆ. ಒಬ್ಬ ರೈತ ಚೀಲದ ಬಾಯಿ ಬಿಚ್ಚಿ ತೋರಿಸಿದ. ಮೇಲಿನ ಎಲೆ ಬಂಗಾರದಂತೆ ಹೊಳೆಯುತ್ತಿತ್ತು. ಅತ್ತೆ ಬಳೆ ಮೇಲೆ ಸರಿಸಿ, ಮೊಳಕೈ ತನಕ ಕೈಯನ್ನು ಚೀಲದೊಳಗೆ ಇಳಿಸಿ ತಳದಿಂದ ಒಂದು ಹಿಡಿ ಮೇಲಕ್ಕೆ ತೆಗೆದರು. ಬರೀ ದಂಟು, ಉಸುಕು.

"ಮ್ಯಾಲ ಮದಿವಿ ಐತಿ, ತಳಕ್ಕ ತಿಥಿ ಐತಲ್ಲೋ ತಮ್ಮಾ," ಎಂದರು.

ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ಆ ರೈತನೂ ನಕ್ಕ. ಅತ್ತೆ ಅವನ ಬೆನ್ನು ತಟ್ಟಿ ಮುಂದಿನ ಚೀಲಕ್ಕೆ ಹೋದರು. ಬರುವಾಗ ಬಸ್ಸಿನಲ್ಲಿ ಜಾಗ ಖಾಲಿ ಇದ್ದರೂ ಕಂಬಿ ಹಿಡಿದು ನಿಂತೇ ಬಂದರು.

ಆದರೆ ಅವರ ಹೆಸರು ಎಲ್ಲಿಯೂ ಇರಲಿಲ್ಲ. ವಖಾರಿಯ ಫಲಕದ ಮೇಲೆ ಮೊದಲು ಮಾವನ ಹೆಸರಿತ್ತು, ಮಗ ಓದು ಮುಗಿಸಿದ ಮೇಲೆ ಅವನ ಹೆಸರು ಬಂತು. ಲೈಸೆನ್ಸಿನಲ್ಲಿ, ಬ್ಯಾಂಕಿನಲ್ಲಿ, ಎಲ್ಲ ಕಡೆ ಅವನೇ. ಅತ್ತೆ ಎಲೆ ಆರಿಸಿ ದರ ಮಾಡಿ ಕಳಿಸುತ್ತಿದ್ದರು. ಮಗ ಗಾದಿಯ ಮೇಲೆ ಕುಳಿತು ಬೀಡಿ ಕಾರಖಾನೆಯವರಿಗೆ ಮಾರಿ ಹಣ ತೆಗೆದುಕೊಳ್ಳುತ್ತಿದ್ದ.

ನನ್ನ ಗಂಡನನ್ನು ನಾನು ಆಗ 'ಅವರು' ಎನ್ನುತ್ತಿದ್ದೆ. ಈಗ ಬರೆಯಲು ಕುಳಿತರೆ ಏಕವಚನವೇ ಬರುತ್ತದೆ, ಬರಲಿ. ಮದುವೆಯಾದ ಮರುವರ್ಷ ಒಂದು ಸಂಜೆ ಅವನು ಒಂದಷ್ಟು ಕಾಗದ ತಂದು ನನ್ನ ಮುಂದಿಟ್ಟ. ಪೆನ್ನಿನ ಟೊಪ್ಪಿಗೆಯನ್ನೂ ತಾನೇ ತೆಗೆದುಕೊಟ್ಟ.

"ನಿನ್ನ ಹೆಸರಲೇ ಇನ್ನೊಂದು ಫರ್ಮ್ ಮಾಡಾಕತ್ತೇನಿ. ಇನ್‌ಕಮ್ ಟ್ಯಾಕ್ಸಿನವರಿಗೆ ಉತ್ಪನ್ನ ಎರಡ ಕಡೆ ತೋರಿಸಿದರ ಭಾರ ಕಮ್ಮಿ ಆಕ್ಕೈತಿ. ಇಲ್ಲಿ ಸಹಿ ಹಾಕು."

ಬಾಗಿಲಲ್ಲಿ ನಿಂತಿದ್ದ ಅತ್ತೆ ಕೇಳಿದರು: "ಆಕೀ ಹೆಸರು ಯಾಕಲೇ?"

"ಹೆಂಡ್ತಿ ಹೆಸರಲೇ ಎಲ್ಲಾರೂ ಮಾಡತಾರ ಅವ್ವಾ. ಹೆಸರು ಅಷ್ಟ."

"ಹೆಸರು ಅಷ್ಟ ಅಂದರ, ನಂದೂ ಒಂದು ಹೆಸರ ಐತಲ್ಲ."

ಅವನು ನಕ್ಕ. ನಾನೂ ನಕ್ಕೆನೋ ಏನೋ. ಅತ್ತೆ ನಗಲಿಲ್ಲ, ವಖಾರಿಯ ಕಡೆ ಹೊರಟುಹೋದರು. ನಾನು ಸಹಿ ಹಾಕಿದೆ. ಆಮೇಲೆ ವರ್ಷ ವರ್ಷ ರಿಟರ್ನ್ ತುಂಬುವ ಕಾಲಕ್ಕೆ ಅವನು ಕಾಗದ ತರುತ್ತಿದ್ದ, ಅವನು ಬೆರಳಿಟ್ಟು ತೋರಿಸಿದಲ್ಲಿ ನಾನು ಸಹಿ ಮಾಡುತ್ತಿದ್ದೆ. ಆ ಫರ್ಮಿನ ಒಂದು ರೂಪಾಯಿಯೂ ನನ್ನ ಕೈಗೆ ಬಂದದ್ದಿಲ್ಲ. ಬರಬೇಕೆಂದು ನನಗೆ ಅನಿಸಿದ್ದೂ ಇಲ್ಲ.

ಮಗಳು ಹುಟ್ಟಿದ ಮೇಲೆ ಅವನು ವಾರದಲ್ಲಿ ಅರ್ಧ ಕೊಲ್ಹಾಪುರದಲ್ಲೇ ಇರತೊಡಗಿದ. ಅಲ್ಲಿ ಅವನು ಇನ್ನೊಂದು ಸಂಸಾರ ಹೂಡಿದ್ದು ಊರಿಗೆಲ್ಲ ತಿಳಿದ ಮೇಲೆ ನನಗೆ ತಿಳಿಯಿತು. ಜಗಳವಾಯಿತು, ಹಿರಿಯರು ಕೂತು ಮಾತಾಡಿದರು, ಮತ್ತೆ ಜಗಳವಾಯಿತು. ಕೊನೆಗೆ ನಾನು ಮಗಳನ್ನು ಎತ್ತಿಕೊಂಡು ಟ್ರಂಕಿನೊಂದಿಗೆ ಅಂಗಳಕ್ಕೆ ಇಳಿದಾಗ ಅತ್ತೆ ತಡೆಯಲಿಲ್ಲ, ಅಳಲೂ ಇಲ್ಲ. ಮೊಮ್ಮಗಳ ಕಾಲಿನ ಗೆಜ್ಜೆಯನ್ನು ಸರಿಮಾಡುತ್ತ ಹೇಳಿದರು:

"ಹೋಗು. ಇಲ್ಲೇ ಇದ್ದರ ನೀನೂ ನನ್ನಂಗ ಬರೇ ತಿರಗಾಡಕೋಂತ ಉಳೀತಿ."

ತವರಿಗೆ ಬಂದ ಮೇಲೆ ಚಿಕ್ಕೋಡಿ ಕೋರ್ಟಿನಿಂದ ವಿಚ್ಛೇದನದ ನೋಟಿಸು ಬಂತು. ಅದನ್ನು ನಾನು ನಿರೀಕ್ಷಿಸಿದ್ದೆ. ಅದರೊಳಗೆ ಬರೆದದ್ದನ್ನು ನಿರೀಕ್ಷಿಸಿರಲಿಲ್ಲ. ಫರ್ಮು ಹೆಂಡತಿಯದು, ಆಕೆ ದೊಡ್ಡ ವ್ಯಾಪಾರಸ್ಥೆ, ತಾನು ಆಕೆಯ ಕೈಕೆಳಗೆ ದುಡಿಯುವ ಬಡಪಾಯಿ, ತನಗೆ ಆದಾಯವಿಲ್ಲ, ಆದ್ದರಿಂದ ಹೆಂಡತಿಯಿಂದಲೇ ತನಗೆ ಜೀವನಾಂಶ ಕೊಡಿಸಬೇಕು ಎಂದು ಅವನು ಕೇಳಿದ್ದ. ನನ್ನ ಸಹಿಯಿದ್ದ ಅಷ್ಟೂ ವರ್ಷಗಳ ರಿಟರ್ನುಗಳನ್ನು ಸಾಕ್ಷಿಯಾಗಿ ಲಗತ್ತಿಸಿದ್ದ. ಹಾಗೂ ಹೀಗೂ ಆ ಕಾಗದವನ್ನು ಜೀರ್ಣಿಸಿಕೊಳ್ಳುವುದರೊಳಗೆ ಬೆಳಗಾವಿಯಿಂದ ಇನ್ನೊಂದು ಬಂತು. ಫರ್ಮಿನ ಕಡೆಯ ವರ್ಷಗಳ ಟ್ಯಾಕ್ಸ್ ಕಟ್ಟಿಲ್ಲ, ತೋರಿಸಿದ್ದಕ್ಕಿಂತ ಆದಾಯ ಹೆಚ್ಚಿದೆ, ದಂಡ ಸೇರಿಸಿ ಕಟ್ಟಬೇಕು, ಕಟ್ಟದಿದ್ದರೆ ನಿಮ್ಮ ಆಸ್ತಿ ಜಪ್ತಿ ಮಾಡಲಾಗುವುದು. ನನ್ನ ಆಸ್ತಿ ಎಂದರೆ ಬಾವಿಯ ಪಕ್ಕದ ಆ ಎರಡು ಎಕರೆ.

ತಂದೆ ಕಾಗದವನ್ನು ಓದಿ ಮಡಚಿಟ್ಟು ಹೊಲಕ್ಕೆ ಹೋದವರು ಊಟಕ್ಕೂ ಬರಲಿಲ್ಲ.

ಆಮೇಲಿನ ದಿನಗಳಲ್ಲಿ ಒಂದು ಕೆಲಸ ಹಿಡಿದರೆ ಅರ್ಧಕ್ಕೆ ಬಿಡುತ್ತಿದ್ದೆ. ಹಾಲು ಉಕ್ಕಿಹೋಗುತ್ತಿತ್ತು, ಮಗಳ ಜಡೆ ಅರ್ಧ ಹೆಣೆದು ಎದ್ದುಹೋಗುತ್ತಿದ್ದೆ. ಅಂಚೆಯವನ ಸೈಕಲ್ಲಿನ ಗಂಟೆ ಕೇಳಿದರೆ ಬಾಗಿಲಿಗೆ ಓಡುತ್ತಿದ್ದೆ, ಅವನು ಮುಂದಿನ ಮನೆಗೆ ಹೋದರೆ ಅದೂ ಸಮಾಧಾನ ಕೊಡುತ್ತಿರಲಿಲ್ಲ. ಅತ್ತೆ ಹೇಳುತ್ತಿದ್ದ ಹುಳ ಯಾವುದೆಂದು ನನಗೆ ಆಗ ಗೊತ್ತಾಯಿತು. ರಾಯಬಾಗದಿಂದ ಚಿಕ್ಕೋಡಿ, ಚಿಕ್ಕೋಡಿಯಿಂದ ಬೆಳಗಾವಿ, ಮತ್ತೆ ಚಿಕ್ಕೋಡಿ. ತಾರೀಖು ಬೀಳುತ್ತಿತ್ತು, ಮುಂದಕ್ಕೆ ಹೋಗುತ್ತಿತ್ತು. ಕೋರ್ಟಿನ ಹೊರಗೆ ಬೇವಿನ ನೆರಳಲ್ಲಿ ನಿಂತಿದ್ದರೆ ಅವನು ಎದುರಿಗೇ ಚಹಾ ಕುಡಿಯುತ್ತ ನಿಂತಿರುತ್ತಿದ್ದ.

ಚಿಕ್ಕೋಡಿಯ ನನ್ನ ವಕೀಲರು ವಯಸ್ಸಾದವರು. ಅವರು ವಿಷಯವನ್ನು ನನಗೆ ಬಿಡಿಸಿ ಹೇಳಿದರು.

"ನೋಡ ತಂಗಿ, ಕಾಗದ ಯಾರ ಹೆಸರಲೇ ಇರಲಿ, ಉತ್ಪನ್ನ ಖರೇನ ಯಾರದೋ ಟ್ಯಾಕ್ಸ್ ಅವರ ಮ್ಯಾಲ ಬರತೈತಿ. ಕೋರ್ಟಿನಾಗೂ ಹಂಗ. ಆದರ ಧಂದಾ ನಿಂದಲ್ಲ ಅಂತ ಹೇಳಾಕ ಒಂದು ಬಾಯಿ ಬೇಕು. ನಿನ್ನ ಬಾಯಿ ನಡಿಯಂಗಿಲ್ಲ. ಸಹಿ ನಿಂದೈತಿ."

"ವಖಾರಿ ಕಾರಕೂನ ಹೇಳ್ತಾನೇನ್ರಿ?"

"ಅವ ಹೇಳಿದರ ಮರುದಿನ ಅವನ ನೌಕರಿ ಎಲ್ಲಿ? ರೈತರನ್ನ ಕೇಳಿದೆ. ಸಾಹುಕಾರ್ರ ಮನಿ ಜಗಳ ನಮಗ್ಯಾಕ ಅಂದರು." ವಕೀಲರು ಕನ್ನಡಕ ತೆಗೆದು ಒರೆಸಿಕೊಂಡರು. "ಉಳದಾಕಿ ನಿಮ್ಮ ಅತ್ತಿ ಒಬ್ಬಾಕಿ. ಆದರ ಆಕಿನ್ನ ಅವ ತನ್ನ ಸಾಕ್ಷಿ ಅಂತ ಆಗಲೇ ಬರಿಸ್ಯಾನ."

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ತಾಯಿ ಮಗನ ಪರ ಹೇಳದೆ ಇನ್ಯಾರ ಪರ ಹೇಳುತ್ತಾಳೆ?

ಸಾಕ್ಷಿಯ ತಾರೀಖು ಹತ್ತಿರ ಬಂದಾಗ ಒಂದು ಮಧ್ಯಾಹ್ನ ಅತ್ತೆ ರಾಯಬಾಗದ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದರು. ಬಸ್ಸು ಬದಲಿಸಿ, ಸುಡುವ ಬಿಸಿಲಲ್ಲಿ ನಡೆದು ಒಬ್ಬರೇ ಬಂದಿದ್ದರು. ಮೊಮ್ಮಗಳಿಗೆಂದು ಒಂದು ಡಬ್ಬಿ ಅವಲಕ್ಕಿ ಚೂಡಾ ತಂದಿದ್ದರು. ನನ್ನ ತಾಯಿ ಚಾಪೆ ಹಾಸಿದರು. ಅತ್ತೆ ಅದರ ಅಂಚಿನಲ್ಲಿ ನಿಂತೇ ನೀರು ಕುಡಿದರು. ಮೊಮ್ಮಗಳ ಗಲ್ಲ ಸವರಿ, ಹಿತ್ತಲಿಗೆ ಹೋಗಿ ಎಮ್ಮೆ ನೋಡಿ, ಮತ್ತೆ ಪಡಸಾಲೆಗೆ ಬಂದು, ನನ್ನನ್ನು ಒಂದು ಪಕ್ಕಕ್ಕೆ ಕರೆದರು.

"ಕೋರ್ಟಿನಾಗ ಹೆಂಗ ಕೇಳತಾರ?"

"ಮೊದಲ ಅವನ ವಕೀಲರು ಕೇಳತಾರ್ರಿ ಅತ್ತಿ. ಆಮ್ಯಾಲ ನಮ್ಮವರು."

"ಬರೇ ಹೌದು, ಅಲ್ಲ ಅಷ್ಟ ಅನ್ನಬೇಕೋ, ನಂದೂ ಮಾತ ಹೇಳಾಕ ಬರತೈತೋ?"

"ಕೇಳಿದಷ್ಟ ಹೇಳ್ರಿ ಅಂತಾರ."

ಅತ್ತೆ ಕಿಟಕಿಯ ಸರಳು ಹಿಡಿದು ಹೊರಗೆ ನೋಡಿದರು. ಆಗ ನನಗೆ ತಡೆಯಲಾಗಲಿಲ್ಲ. "ಅತ್ತೀ, ಆ ಹೊಲಾ ಹೋದರ ನಾ ಈ ಕೂಸಿನ್ನ ಹೆಂಗ ಬೆಳಸಲಿ?" ಎಂದೆ.

"ಅವ ಹಿಂಗ ಹೇಳು ಅಂತಾನ. ನಿನ್ನ ಮಾರಿ ಹಂಗ ಹೇಳು ಅಂತೈತಿ," ಎಂದರು ಅತ್ತೆ. "ನಾ ಸುಳ್ಳ ಹೇಳಾಕಿ ಅಲ್ಲ. ಹಂಗಂತ ನಿನ್ನ ಪರ ಹೇಳತೀನಿ ಅಂತನೂ ತಿಳಕೋಬ್ಯಾಡ."

ಊಟಕ್ಕೂ ನಿಲ್ಲದೆ ಸಂಜೆಯ ಬಸ್ಸಿಗೆ ಹೊರಟುಹೋದರು. ಆ ಮಾತನ್ನು ನಾನು ಹಿಂದೆ ಮುಂದೆ ಎಷ್ಟು ತಿರುವಿ ನೋಡಿದರೂ ಅರ್ಥ ಹತ್ತಲಿಲ್ಲ. ಸುಳ್ಳು ಹೇಳುವುದಿಲ್ಲವಾದರೆ ನನ್ನ ಪರವೇ ಆಗಬೇಕಲ್ಲ? ವಕೀಲರಿಗೆ ತಿಳಿಸಿದೆ. ಅವರೂ ತಲೆ ಕೆರೆದುಕೊಂಡರು.

ಸಾಕ್ಷಿಯ ದಿನ ಅತ್ತೆ ಇಳಕಲ್ ಸೀರೆ ಉಟ್ಟು ಮಗನ ಕಾರಿನಲ್ಲೇ ಬಂದರು. ಕಾರಿನಿಂದ ಇಳಿದವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಹೆಸರು ಕೂಗಿದಾಗ ಸಾಕ್ಷಿಕಟ್ಟೆ ಹತ್ತಿ ಸೆರಗು ಸರಿಮಾಡಿಕೊಂಡರು. ವಯಸ್ಸಾದವರೆಂದು ಜಡ್ಜ್ ಸಾಹೇಬರು ಕುರ್ಚಿ ತರಿಸಿದರು.

"ಬ್ಯಾಡ್ರಿ ಸಾಹೇಬ್ರ. ನನಗ ನಿಂತ ಮಾತಾಡಿ ರೂಢಿ ಐತಿ."

ಅವನ ವಕೀಲರು ಮೊದಲು ಹೆಸರು, ಊರು ಕೇಳಿದರು. ಆಮೇಲೆ ಕೇಳಿದರು: "ನಿಮ್ಮ ಸೊಸಿ ಹೆಸರಿನಾಗ ತಂಬಾಕಿನ ಫರ್ಮ್ ಐತಿ, ಹೌದಿಲ್ರಿ?"

"ಹೌದು."

"ಅದನ್ನ ಆಕೀನ ನಡಸತಿದ್ದರು, ಹೌದಿಲ್ರಿ?"

ಅತ್ತೆ ಮಗನ ಕಡೆ ನೋಡಿದರು. ಅವನು ಸಣ್ಣಗೆ ತಲೆಯಾಡಿಸಿದ.

"ಆಕಿಗೆ ಎಲಿ ಅಂದರ ಏನಂತ ಗೊತ್ತಿಲ್ಲ," ಎಂದರು ಅತ್ತೆ. "ವಖಾರಿಗೆ ಬಂದರ ಬರೇ ಸೀನತಿದ್ದಳು."

ಕೋರ್ಟಿನಲ್ಲಿ ಯಾರೋ ನಕ್ಕರು. ಅವನ ವಕೀಲರು ಗಡಿಬಿಡಿಯಿಂದ, "ಅಂದರ ನಿಮ್ಮ ಮಗ ಮ್ಯಾನೇಜರ ಅಂತ..." ಎಂದು ಶುರುಮಾಡಿದರು.

"ಅವಗೂ ಗೊತ್ತಿಲ್ಲ." ಅತ್ತೆಯ ದನಿ ಏರಿತು. "ಧಂದಾ ಇವರಿಬ್ಬರದೂ ಅಲ್ಲ. ಧಂದಾ ನಂದು. ಇವರಪ್ಪ ಸತ್ತ ದಿವಸದಿಂದ ನಾ ಮಾಡೇನಿ. ಅಕ್ಕೋಳದಾಗ ಕೇಳ್ರಿ, ಯಾವ ಹೊಲದಾಗ ಬೇಕಾದರೂ ಕೇಳ್ರಿ. ಈ ಫರ್ಮಿಗೆ ಮೊದಲ ರೊಕ್ಕ ಹಾಕಿದ್ದೂ ನನ್ನ ಬಂಗಾರದ ಪಾಟಲಿ ಬಳಿ ಮಾರಿದ ರೊಕ್ಕ."

ಅವನ ವಕೀಲರು ಕೈಯಲ್ಲಿದ್ದ ಕಾಗದಗಳನ್ನು ಒಮ್ಮೆ ಮಗುಚಿ, ಮಗನ ಕಡೆ ನೋಡಿ, ತಮ್ಮ ಸಾಕ್ಷಿ ತಿರುಗಿಬಿದ್ದಿದ್ದಾರೆ ಎಂದು ಸಾಹೇಬರಿಗೆ ಹೇಳಿದರು. ನಮ್ಮ ವಕೀಲರೂ ಖುಷಿಯಲ್ಲಿರಲಿಲ್ಲ. ನಾವು ವ್ಯಾಪಾರ ಗಂಡನದು ಎಂದು ಹೇಳಿಕೊಂಡು ಬಂದಿದ್ದೆವು. ಈ ಹೆಂಗಸು ನಮ್ಮದನ್ನೂ ಅವರದನ್ನೂ ಸೇರಿಸಿ ಅಳಿಸಿಹಾಕಿದ್ದರು. ನಮ್ಮ ವಕೀಲರು ಎದ್ದು ಮೆಲ್ಲಗೆ ಕೇಳಿದರು:

"ಕಾಕೂ, ಧಂದಾ ನಿಮ್ಮದು ಅಂದರ, ಮಾರಿದ ರೊಕ್ಕ ಯಾರ ಕೈಯಾಗ ಬರತಿತ್ತು?"

"ಅವನ ಕೈಯಾಗ."

"ಸೊಸಿ ಕೈಯಾಗ?"

ಅತ್ತೆ ಆಗ ಮೊದಲ ಸಲ ನನ್ನನ್ನು ನೋಡಿದರು. ಕರುಣೆಯಿಂದಲ್ಲ, ಬೇಸರದಿಂದಲೂ ಅಲ್ಲ; ತೂಕ ಹಾಕುವ ಮುಂಚೆ ಚೀಲ ನೋಡುತ್ತಿದ್ದ ರೀತಿಯಲ್ಲಿ.

"ಎಲಿ ನಾ ತಗೋತಿದ್ದೆ. ರೊಕ್ಕ ಅವ ತಗೋತಿದ್ದ. ಈಕಿ ಸಹಿ ಹಾಕತಿದ್ದಳು. ಇಷ್ಟ."

ಜಡ್ಜ್ ಸಾಹೇಬರು ಆ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ಟೈಪಿನವನಿಗೆ ಹೇಳಿದರು. ಟಕ ಟಕ ಎಂದು ಅದು ಕಾಗದಕ್ಕೆ ಬಿತ್ತು. ಅತ್ತೆ ಇಳಿದು ಬಂದು, ಆ ಕಾಗದದ ಕೆಳಗೆ ತಮ್ಮ ಹೆಸರನ್ನು ಮರಾಠಿ ಅಕ್ಷರದಲ್ಲಿ ನಿಧಾನವಾಗಿ ಬರೆದರು. ಹೊರಗೆ ಬಂದಾಗ ಮಗನ ಕಾರು ಹೊರಟುಹೋಗಿತ್ತು. ಅವರು ಯಾರನ್ನೂ ಕೇಳದೆ ಬಸ್ ಸ್ಟ್ಯಾಂಡಿನ ದಾರಿ ಹಿಡಿದರು. ನಾನು ಹಿಂದೆ ಓಡಿದೆ.

"ಅತ್ತೀ..."

"ನಿನಗಂತ ಹೇಳಿಲ್ಲ. ಹಿಂದ ಬರಬ್ಯಾಡ," ಎಂದು ತಿರುಗಿ ನೋಡದೆ ನಡೆದರು.

ಜೀವನಾಂಶದ ಅವನ ಅರ್ಜಿ ಬಿದ್ದುಹೋಯಿತು. ಮಗಳಿಗೂ ನನಗೂ ಅವನೇ ಕೊಡಬೇಕೆಂದು ಕೋರ್ಟು ಹೇಳಿತು. ಸ್ವಲ್ಪ ಕಾಲದ ಮೇಲೆ ವಿಚ್ಛೇದನವೂ ಆಯಿತು. ಆದರೆ ಬೆಳಗಾವಿಯ ಟ್ಯಾಕ್ಸಿನ ಕಾಗದ ಇನ್ನೂ ನನ್ನ ತಲೆಯ ಮೇಲೇ ತೂಗುತ್ತಿತ್ತು. ವಕೀಲರು ಅತ್ತೆಯ ಸಾಕ್ಷಿಯ ನಕಲನ್ನು ಅಲ್ಲಿಗೆ ಕೊಟ್ಟರು. ಅಧಿಕಾರಿ ಅತ್ತೆಯನ್ನೇ ಕರೆಸಿದರು. ಬರುತ್ತಾರೋ ಇಲ್ಲವೋ ಎಂದು ನಾನು ಕಚೇರಿಯ ಮೆಟ್ಟಿಲಲ್ಲಿ ಹತ್ತಿ ಇಳಿದು ಕಾಯುತ್ತಿದ್ದೆ. ನನಗಿಂತ ಮೊದಲೇ ಬಂದು ಒಳಗೆ ವರಾಂಡದಲ್ಲಿ ಅವರೂ ಅತ್ತಿಂದಿತ್ತ ನಡೆಯುತ್ತಿದ್ದುದು ಆಮೇಲೆ ಕಂಡಿತು.

ಅಧಿಕಾರಿ ಒಳ್ಳೆಯ ಮನುಷ್ಯ. ಕೋರ್ಟಿನಲ್ಲಿ ಹೇಳಿದ್ದನ್ನೇ ಅತ್ತೆ ಅಲ್ಲಿಯೂ ಹೇಳಿದರು. ಅಧಿಕಾರಿ ಪೆನ್ನು ಕೆಳಗಿಟ್ಟು, "ಅಜ್ಜೀ, ನೀವು ಹೀಗೆ ಹೇಳಿದರೆ ಟ್ಯಾಕ್ಸು, ದಂಡ ಎಲ್ಲ ನಿಮ್ಮ ಮೇಲೆ ಬರಬಹುದು, ಗೊತ್ತೇ?" ಎಂದು ಕೇಳಿದರು.

"ಹಾಕ್ರಿ," ಎಂದರು ಅತ್ತೆ. "ನನ್ನ ಹೆಸರಲೇ ಹಾಕ್ರಿ. ಹೆಸರು ಬರೋಬ್ಬರಿ ಬರೀರಿ."

ಅವರ ಮುಖದಲ್ಲಿ ಆಗ ಇದ್ದದ್ದು ಹೆದರಿಕೆಯಲ್ಲ, ಒಂದು ಬಗೆಯ ಆಸೆ. ಮಗು ಪೇಡೆಯ ತಟ್ಟೆ ನೋಡುತ್ತದಲ್ಲ, ಹಾಗೆ.

ಆದೇಶ ಬಂದ ದಿನ ವಕೀಲರು ನಮ್ಮಿಬ್ಬರನ್ನೂ ಚಿಕ್ಕೋಡಿಗೆ ಕರೆಸಿದ್ದರು. ಆದಾಯ ನನ್ನದಲ್ಲ, ನನ್ನ ಮೇಲಿನ ಟ್ಯಾಕ್ಸನ್ನು ತೆಗೆದುಹಾಕಲಾಗಿದೆ ಎಂಬ ಸಾಲು ಕೇಳಿದ ಕೂಡಲೇ ನನಗೆ ಮುಂದಿನದು ಕಿವಿಗೆ ಬೀಳಲಿಲ್ಲ. ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡೆ. ಅತ್ತೆ ವಕೀಲರನ್ನು ಬಿಡಲಿಲ್ಲ.

"ಮುಂದ ಓದ್ರಿ. ನಂದು ಏನ ಬರದಾರ?"

ವಕೀಲರು ಇಂಗ್ಲಿಷನ್ನು ಕನ್ನಡ ಮಾಡುತ್ತ ಓದಿದರು. ಹಣವೆಲ್ಲ ಮಗನ ಖಾತೆಗೆ ಹೋಗಿದೆ, ವ್ಯವಹಾರದ ಹಿಡಿತ ಅವನದೇ, ಆದ್ದರಿಂದ ವ್ಯಾಪಾರ ಮಗನದು. ವಯಸ್ಸಾದ ತಾಯಿ ಆಗಾಗ ಅವನಿಗೆ ಸಹಾಯ ಮಾಡುತ್ತಿದ್ದರು.

"ಏನ ಮಾಡತಿದ್ದೆ?"

"ಸಹಾಯ, ಕಾಕೂ. ಮದತ."

ಅತ್ತೆಗೆ ಸಿಟ್ಟು ಬಂದರೆ ಮರಾಠಿ ಬರುತ್ತಿತ್ತು. "ಮದತ? ಮೀ ಮದತ ಕೇಲೀ?" ಎಂದು ಮೇಜಿನ ಮೇಲೆ ಕೈ ಊರಿದರು. ತಾನು ಮಾಡಿದ್ದು ಬರೀ ಸಹಾಯವೇ ಎಂದು ಅದನ್ನೇ ಮತ್ತೆ ಮತ್ತೆ ಕೇಳಿದರು. ಆಮೇಲೆ ಸ್ವಲ್ಪ ತಣ್ಣಗಾಗಿ, "ಇದರ ಮ್ಯಾಲ ಅಪೀಲ ಮಾಡಾಕ ಬರತೈತೇನ್ರಿ?" ಎಂದರು.

"ಕಾಕೂ, ಟ್ಯಾಕ್ಸ್ ನನಗ ಹಾಕಬ್ಯಾಡ್ರಿ ಅಂತ ಅಪೀಲ ಮಾಡತಾರ. ನನಗ ಹಾಕ್ರಿ ಅಂತ ಯಾರೂ ಮಾಡಿದ್ದಿಲ್ಲ."

ವಕೀಲರು ನಗಲು ಹೊರಟವರು ಅತ್ತೆಯ ಮುಖ ನೋಡಿ ಆದೇಶವನ್ನು ಮಡಚಿಟ್ಟರು. ನನ್ನ ಎದೆಯಲ್ಲಿ ಹಗುರವಾಗಿದ್ದ ಜಾಗಕ್ಕೆ ಇನ್ನೇನೋ ಬಂದು ಕೂತಿತು. ನನ್ನನ್ನು ಬಿಡಿಸಿದ ಕಾಗದವೇ ಅವರನ್ನು ಮತ್ತೆ ಬಾಗಿಲ ಚೌಕಟ್ಟಿನ ಹೊರಗೆ ನಿಲ್ಲಿಸಿತ್ತು. ಬಸ್ ಸ್ಟ್ಯಾಂಡಿನ ತನಕ ಇಬ್ಬರೂ ನಡೆದೆವು. ಅಲ್ಲಿ ಅವರು ನಿಂತು ಹ್ಞೂಂ ಎಂದು ಒಂದು ಉಸಿರು ಬಿಟ್ಟರು.

"ನೀ ಗೆದ್ದಿ. ನಾ ಸೋತೆ. ಚಾ ಕುಡಿಸು."

ಟ್ಯಾಕ್ಸು, ದಂಡ ಕಟ್ಟಲು ಅವನು ಕೊಲ್ಹಾಪುರದ ಮನೆ ಮಾರಿದ. ತಾಯಿಯೊಡನೆ ಮಾತು ಬಿಟ್ಟ. ಅತ್ತೆ ಜಗಳವನ್ನೂ ಮಾಡಲಿಲ್ಲ, ಶೇಡಬಾಳಕ್ಕೂ ಹೋಗಲಿಲ್ಲ. ಅಕ್ಕೋಳದಲ್ಲಿ ರೈತರೊಬ್ಬರ ಕಣದ ಪಕ್ಕ ತಗಡಿನ ಒಂದು ಶೆಡ್ಡು ಹಿಡಿದರು. ತಂಬಾಕಿನ ಲೈಸೆನ್ಸು ತಮ್ಮ ಹೆಸರಿಗೇ ಬೇಕೆಂದು ಹಠ ಹಿಡಿದು, ಕಚೇರಿಗಳಿಗೆ ಎಡತಾಕಿ ತೆಗೆದರು. ಅರವತ್ತರ ಹತ್ತಿರದ ಹೆಂಗಸು ಹೊಸ ವ್ಯಾಪಾರಸ್ಥೆಯಾದದ್ದು ಊರಿಗೆ ಸುದ್ದಿಯಾಯಿತು. ಅಕ್ಕೋಳದವರಿಗೆ ಮಾತ್ರ ಇದರಲ್ಲಿ ಹೊಸತೇನೂ ಕಾಣಲಿಲ್ಲ.

ಆ ಹೊತ್ತಿಗೆ ನನಗೆ ಕಾಗವಾಡದ ಶಾಲೆಯಲ್ಲಿ ಕೆಲಸ ಸಿಕ್ಕಿತ್ತು. ಮೊದಲ ಸುಗ್ಗಿ ಮುಗಿದ ಮೇಲೆ ಅತ್ತೆ ಅಲ್ಲಿಗೇ ಬಂದು, ತನ್ನದೂ ರಿಟರ್ನ್ ತುಂಬಬೇಕು, ಚಿಕ್ಕೋಡಿಗೆ ನಡಿ ಎಂದರು. ವಕೀಲರು ಆದಾಯವನ್ನು ಕೇಳಿ, "ಕಾಕೂ, ಇಷ್ಟಕ್ಕ ಟ್ಯಾಕ್ಸ್ ಬರಂಗಿಲ್ಲ. ಆರಾಮ ಇರ್ರಿ," ಎಂದರು.

ಅತ್ತೆಯ ಮುಖ ಬಾಡಿತು. "ಬರಂಗ ಮಾಡತೀನಿ, ತಡೀರಿ," ಎಂದರು.

ಮಾಡಿದರು. ಅದಕ್ಕೆ ಕೆಲವು ವರ್ಷ ಹಿಡಿಯಿತು. ಬ್ಯಾಂಕಿನಲ್ಲಿ ತಮ್ಮ ಹೆಸರಿನ ಟ್ಯಾಕ್ಸು ಕಟ್ಟಿದ ದಿನ ಕಾಗವಾಡಕ್ಕೆ ಬಂದು ಮೊಮ್ಮಗಳ ತರಗತಿಗೆಲ್ಲ ಪೇಡೆ ಹಂಚಿದರು. ಯಾಕೆಂದು ಮಕ್ಕಳು ಕೇಳಿದಾಗ, "ಸರಕಾರಕ್ಕ ನನ್ನ ಗುರ್ತ ಹತ್ತೇತಿ," ಎಂದರು. ಮುಖ್ಯೋಪಾಧ್ಯಾಯರು ಕುರ್ಚಿ ಕೊಟ್ಟರೂ ಕೂಡಲಿಲ್ಲ. ಹೊರಡುವಾಗ ನನಗೂ ಒಂದು ಪೇಡೆ ಕೊಟ್ಟು, ನನ್ನ ಕೈಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದರು. ಏನೋ ಹೇಳುತ್ತಾರೆಂದು ನಾನು ಕಾದೆ. "ಬಸ್ಸ ಬಂತು," ಎಂದು ಬಿಟ್ಟರು.

ತೊಂಬತ್ತರ ದಶಕದ ಕೊನೆಯಲ್ಲಿ ಅವರಿಗೆ ಪುಪ್ಪುಸದ ಬೇನೆ ಬಂತು. ಮಿರಜದ ಆಸ್ಪತ್ರೆಗೆ ರೈತರೇ ತಂದು ಸೇರಿಸಿದರು. ಕಾಗವಾಡದಿಂದ ಮಿರಜ ಹತ್ತಿರವಾದ್ದರಿಂದ ಶಾಲೆ ಬಿಟ್ಟ ಮೇಲೆ ನಾನು ದಿನವೂ ಹೋಗುತ್ತಿದ್ದೆ. ಮೂಗಿಗೆ ಹಾಕಿದ ನಳಿಕೆಯನ್ನು ಕಿತ್ತುಹಾಕಿ ಎದ್ದು ಹೊರಡಲು ನೋಡುತ್ತಿದ್ದರು. ನರ್ಸುಗಳಿಗೆ ಅವರನ್ನು ಹಿಡಿದಿಡುವುದೇ ಒಂದು ಕೆಲಸವಾಗಿತ್ತು. ಕೊನೆಯ ಎರಡು ದಿನ ಆ ಶಕ್ತಿಯೂ ಹೋಯಿತು. ಕಾಲು ಮಾತ್ರ ಚಾದರದ ಕೆಳಗೆ ಆಡುತ್ತಿತ್ತು.

ಕೊನೆಯ ಮಧ್ಯಾಹ್ನ ಕಣ್ಣು ತೆರೆದು ಹೇಳಿದರು: "ಈ ಸಲದ್ದು ಎಲಿ ಹಸಿ ಐತಿ. ಅವಸರ ಮಾಡಬ್ಯಾಡ ಅಂತ ಹೇಳು."

"ಯಾರಿಗೆ ಹೇಳ್ಲಿ ಅತ್ತೀ?"

ಅವರು ಮುಖವನ್ನು ಆಚೆ ತಿರುಗಿಸಿದರು. ಮತ್ತೆ ಮಾತಾಡಲಿಲ್ಲ.

ಮಗನಿಗೆ ನಾನೇ ಫೋನು ಮಾಡಿಸಿದ್ದೆ. ಅವನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ತಲೆಗೂದಲು ನರೆತಿತ್ತು, ಅಂಗಿಯ ಗುಂಡಿಗಳನ್ನು ತಪ್ಪಾಗಿ ಹಾಕಿಕೊಂಡಿದ್ದ. ಒಳಗೆ ಹೋಗಿ ಬಂದು, ಆಸ್ಪತ್ರೆಯ ವರಾಂಡದಲ್ಲಿ ನಾನು ಕೂತಿದ್ದ ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತ. ಕೋರ್ಟು ಬಿಟ್ಟು ಬೇರೆಡೆ ನಾವು ಹೀಗೆ ಹತ್ತಿರ ಕೂತು ಎಷ್ಟೋ ಕಾಲವಾಗಿತ್ತು. ಗುಂಡಿಗಳನ್ನು ಬಿಚ್ಚಿ ಸರಿಮಾಡಿಕೊಳ್ಳುತ್ತ ಕೇಳಿದ:

"ಅವ್ವ ನನ್ನ ಬಗ್ಗೆ ಏನರ ಅಂದಳೇನ?"

ನಾನು ಅವರು ಹೇಳಿದ್ದನ್ನು ಹೇಳಿದೆ. "ಎಲಿ ಹಸಿ ಐತಂತ. ಅವಸರ ಮಾಡಬ್ಯಾಡ ಅಂತ ಹೇಳು ಅಂದ್ರು."

"ನನಗ?"

ಹೌದು, ನಿಮಗೇ ಹೇಳಿ ಕಳಿಸಿದರು ಎನ್ನಬಹುದಿತ್ತು. ಆ ಹೊತ್ತಿನಲ್ಲಿ ಅಂಥ ಒಂದು ಮಾತಿಗೆ ಯಾರೂ ತಪ್ಪು ಹಿಡಿಯುತ್ತಿರಲಿಲ್ಲ. ಅವನು ಅದಕ್ಕಾಗಿ ಕಾಯುತ್ತಿದ್ದದ್ದೂ ಕಾಣುತ್ತಿತ್ತು. ಆದರೆ ಆ ಹೆಂಗಸಿನ ಮಾತಿಗೆ ನನ್ನದೊಂದು ಮಾತು ಸೇರಿಸಲು ನನಗೆ ಬಾಯಿ ಬರಲಿಲ್ಲ.

"ಯಾರಿಗೆ ಅಂತ ಹೇಳಲಿಲ್ರಿ. ನಾ ಕೇಳಿದೆ. ಹೇಳಲಿಲ್ಲ."

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ನಾನು ಎದ್ದು ಹೋಗಲಿಲ್ಲ. ಆ ವರ್ಷ ಅಕ್ಕೋಳದ ಶೆಡ್ಡಿನ ಎಲೆಯನ್ನು ಅವನು ದರ ಏರಿದಾಗಲೂ ಮಾರದೆ, ಪೂರ್ತಿ ಒಣಗುವ ತನಕ ಕಾದ ಎಂದು ಆಮೇಲೆ ರೈತರೊಬ್ಬರು ಹೇಳಿದರು.

ನನ್ನ ಹೊಲ ಉಳಿಯಿತು, ಮಗಳು ಓದಿದಳು, ನಾನು ನಿವೃತ್ತಿಯ ತನಕ ಯಾರ ಮುಂದೆಯೂ ಕೈ ಚಾಚದೆ ನಡೆದೆ. ಇದಕ್ಕೆಲ್ಲ ಅತ್ತೆ ಕಾರಣವೆಂದು ನಾನು ಹೇಳಿದರೆ, ಕೇಳಿದವರು ಅವರಿಗೆ ನನ್ನ ಮೇಲೆ ಬಹಳ ಪ್ರೀತಿಯಿತ್ತು ಎಂದುಕೊಳ್ಳುತ್ತಾರೆ. ಇತ್ತೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಅವರು ಒಮ್ಮೆಯೂ ನನ್ನ ಪರವಾಗಿ ಮಾತಾಡಲಿಲ್ಲ. ತುಂಬಿದ ಕೋರ್ಟಿನಲ್ಲಿ, ಹೊಟ್ಟೆಯಲ್ಲಿ ಹುಟ್ಟಿದ ಮಗನ ಎದುರು ನಿಂತು, ತಮ್ಮದನ್ನು ತಮ್ಮದೆಂದು ಹೇಳಿದರು. ಅವರಿಗೆ ಅದು ದಕ್ಕಲಿಲ್ಲ. ನಾನು ಅದರಿಂದಲೇ ಬದುಕಿಕೊಂಡೆ.